ರಸ್ತೆ ಬದಿಯಲ್ಲಿ ಇಷ್ಟು ಒಳ್ಳೆ ಕೆಂಡದ ಮಟನ್ ನಿಮಗೆ ಹೇಗೆ ಸಿಗುತ್ತೆ?

ಮಧುಗಿರಿ ರಸ್ತೆಯಲ್ಲಿ ಕೆಂಡದ ಮೇಲೆ ಸುಟ್ಟ ಮಟನ್ ತಿಂದೆ ಅಂತ ಹೇಳಿದಾಗಲೆಲ್ಲ ಎದುರಿಗಿದ್ದವರು ಕೇಳುವುದು ಇದನ್ನೇ. ಇಂಥ ಜಾಗ ಹೇಗೆ ಹುಡುಕ್ತೀರಿ, ಮೊಬೈಲ್‌ನಲ್ಲಿ ನೋಡಿಕೊಂಡು ಹೋಗ್ತೀರಾ, ಯಾರಾದರೂ ಹೇಳ್ತಾರಾ? ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ, ನಮ್ಮ ಚಿಕ್ಕಪ್ಪನ ಮಗನಂತೂ ಊರಿಗೆ ಹೊರಡುವ ಮುಂಚೆ ಫೋನ್ ಮಾಡಿ ಕೇಳುತ್ತಾನೆ. ಎಲ್ಲರಿಗೂ ಅರ್ಧಂಬರ್ಧ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಮೊದಲು ಒಲೆ ನೋಡಿ. ಬೋರ್ಡು, ಪಾರ್ಕಿಂಗು, ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಅನ್ನೋದು ಎಲ್ಲ ಆಮೇಲೆ. ಒಲೆ ಕಾಣಿಸದ ಜಾಗದಲ್ಲಿ ಸುಟ್ಟ ಮಾಂಸಕ್ಕೆ ನಾನು ಆರ್ಡರ್ ಕೊಡುವುದೇ ಇಲ್ಲ.

ನಾವಿರುವುದು ಚಿಂತಾಮಣಿಯಲ್ಲಿ, ಅತ್ತೆ ಮನೆ ಶಿರಾ ಹತ್ತಿರ. ಬೆಂಗಳೂರಿಗೆ ಬಂದು ತುಮಕೂರು ಮೇಲೆ ಹೋಗುವವರೇ ಜಾಸ್ತಿ. ನಾವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ ಮೇಲೆ ಹೋಗುತ್ತೇವೆ. ರಾಷ್ಟ್ರೀಯ ಹೆದ್ದಾರಿ 69. ಈ ಕಡೆ ಅದೇ ರಸ್ತೆ ಮುಳಬಾಗಿಲಿಗೂ ಹೋಗುತ್ತದೆ, ಹಾಗಾಗಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯ ಊಟ ಒಂದೇ ದಾರಿಯಲ್ಲಿ ಸಿಗುತ್ತದೆ. ಬೆಂಗಳೂರು–ತುಮಕೂರು ರಸ್ತೆಯಲ್ಲಿ ನೂರರ ಸ್ಪೀಡಲ್ಲಿ ಕಿಟಕಿ ಮುಚ್ಚಿಕೊಂಡು ಹೋಗುತ್ತೀರಿ, ಊರುಗಳೆಲ್ಲ ಫ್ಲೈಓವರ್ ಕೆಳಗೆ ಉಳಿದುಬಿಡುತ್ತವೆ. ಇಲ್ಲಿ ಊರಿನ ಒಳಗೇ ಹೋಗಬೇಕು, ಕುರಿ ಹಿಂಡು ಅಡ್ಡ ಬಂದರೆ ನಿಲ್ಲಬೇಕು, ಕಿಟಕಿ ತೆಗೆದಿರುತ್ತದೆ, ವಾಸನೆ ಒಳಗೆ ಬರುತ್ತದೆ.

ಆ ಜಾಗ ಸಿಕ್ಕಿದ್ದೂ ವಾಸನೆಯಿಂದಲೇ. ಗೌರಿಬಿದನೂರು ಬಿಟ್ಟು ಮಧುಗಿರಿ ಕಡೆ ಹೋಗುತ್ತಿದ್ದೆವು, ಇನ್ನೂ ಬೆಟ್ಟ ಕಾಣಿಸಿರಲಿಲ್ಲ. ಕೊಬ್ಬು ಕೆಂಡಕ್ಕೆ ಬಿದ್ದಾಗ ಏಳುವ ಹೊಗೆಗೆ ಒಂದು ವಾಸನೆ ಇದೆ ನೋಡಿ, ಅದು ಮಸಾಲೆ ಹುರಿಯುವ ವಾಸನೆಯಲ್ಲ, ಎಣ್ಣೆ ಕಾದ ವಾಸನೆಯೂ ಅಲ್ಲ, ಒಮ್ಮೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ. ನಮ್ಮೆಜಮಾನ್ರಿಗೆ ‘ಸ್ವಲ್ಪ ನಿಲ್ಸಿ’ ಅಂದೆ. ಹೊಂಗೆ ಮರ, ಅದರ ಕೆಳಗೆ ತಗಡಿನ ಶೀಟು, ಎರಡು ಬೆಂಚು. ಹೆಸರಿನ ಬೋರ್ಡ್ ಇಲ್ಲ. ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಅಡಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. ಅದರ ಮುಂದೆ ಒಬ್ಬ ಹುಡುಗ ಉದ್ದನೆ ಕಂಬಿಯಿಂದ ಕೆಂಡವನ್ನು ಒಂದು ಕಡೆಗೆ ಎಳೆಯುತ್ತಿದ್ದ.

ಎಷ್ಟೊತ್ತಾಗುತ್ತಪ್ಪಾ ಅಂತ ಕೇಳಿದೆ.

“ಇಪ್ಪತ್ತು ನಿಮಿಷ ಆಗುತ್ತೆ ಅಕ್ಕಾ. ಕೆಂಡ ಇನ್ನೂ ಹದಕ್ಕೆ ಬಂದಿಲ್ಲ. ಅರ್ಜೆಂಟ್ ಇದ್ರೆ ಮುಂದೆ ಹೋಟ್ಲಿದೆ, ಅಲ್ಲಿ ಬೇಗ ಕೊಡ್ತಾರೆ.”

ಬಂದ ಗಿರಾಕಿಯನ್ನು ಕೆಂಡಕ್ಕೋಸ್ಕರ ಮುಂದಕ್ಕೆ ಕಳಿಸಲು ರೆಡಿ ಇದ್ದಾನೆ ಅಂದ ಮೇಲೆ ನಾನು ಎಲ್ಲಿಗೂ ಹೋಗಲಿಲ್ಲ, ಬೆಂಚಿನ ಮೇಲೆ ಕೂತೆ. ನೀವು ಗಮನಿಸಬೇಕಾದ್ದೂ ಇದನ್ನೇ. ಕೇಳಿದ ತಕ್ಷಣ ‘ಐದೇ ನಿಮಿಷ’ ಅನ್ನುವ ಕಡೆ ಮುಂಚೆಯೇ ಬೇಯಿಸಿಟ್ಟ ಮಾಂಸವನ್ನು ಸುಮ್ನೆ ಕೆಂಡಕ್ಕೆ ತೋರಿಸಿ ಕೊಡುತ್ತಾರೆ. ಹೊರಗೆ ಕಪ್ಪು ಗೆರೆ ಬಂದಿರುತ್ತದೆ, ಒಳಗೆ ಹೊಗೆಯ ಸುಳಿವೇ ಇರುವುದಿಲ್ಲ.

ಕೆಂಡದ ಹದ ಅಂದರೆ ಏನು ಅಂತ ಅಲ್ಲಿ ಕೂತು ಚೆನ್ನಾಗಿ ನೋಡಿದೆ. ಉರಿ ಏಳುತ್ತಿರುವಾಗ ಅವನು ಮಾಂಸ ಇಡಲೇ ಇಲ್ಲ. ಉರಿ ಪೂರ್ತಿ ಇಳಿದು, ಕೆಂಡದ ಮೇಲೆ ತೆಳ್ಳಗೆ ಬಿಳಿ ಬೂದಿ ಕಟ್ಟುವವರೆಗೆ ಕಾದ. ಆಮೇಲೆ ಡ್ರಮ್ಮಿನ ಎಡಗಡೆಗೆ ಕೆಂಡ ರಾಶಿ ಮಾಡಿದ, ಬಲಗಡೆ ಅಲ್ಲೊಂದು ಇಲ್ಲೊಂದು ಹರಡಿದ. ಮಾಂಸ ಚುಚ್ಚಿದ ಕಂಬಿ ಇಡುವ ಎತ್ತರದಲ್ಲಿ ಅಂಗೈ ಚಾಚಿ ಬಾಯಲ್ಲೇ ಎಣಿಸಿದ. ನಾಲ್ಕು ಎಣಿಸುವಷ್ಟರಲ್ಲಿ ಕೈ ಎಳೆದುಕೊಂಡ. ಆಗ ಕಂಬಿಗಳು ಎಡಗಡೆ ಹೋದವು. ಎರಡು ಕಡೆಯೂ ಬಣ್ಣ ತಿರುಗಿದ ಮೇಲೆ ಎಲ್ಲವನ್ನೂ ಬಲಗಡೆಗೆ ಜರುಗಿಸಿ ನಿಧಾನಕ್ಕೆ ಬೇಯಲು ಬಿಟ್ಟ. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದ ಕಡೆ ಕಂಬಿ ಎತ್ತಿ ಪಕ್ಕಕ್ಕಿಡುತ್ತಿದ್ದ, ನೀರು ಮಾತ್ರ ಚಿಮುಕಿಸಲಿಲ್ಲ. ನೀರು ಹಾಕಿದರೆ ಬೂದಿ ಎದ್ದು ಮಾಂಸಕ್ಕೆ ಅಂಟುತ್ತದೆ. ಬೀಸಣಿಗೆಯನ್ನೂ ಕಡಿಮೆಯೇ ಬಳಸಿದ. ಈ ಕೆಲಸದಲ್ಲಿ ಅವಸರ ಮಾಡಿದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಅದಕ್ಕೇ ಒಲೆ ಮುಂದೆ ನಿಂತವರ ಕೈ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು.

ಕಟ್ಟಿಗೆ ಯಾವುದು ಅಂತ ಕೇಳಿದೆ. ಬಳ್ಳಾರಿ ಜಾಲಿ, ಜೊತೆಗೆ ಸ್ವಲ್ಪ ಹುಣಸೆ ಅಂದ. ನಮ್ಮ ಕಡೆಯವರಿಗೆ ಬಳ್ಳಾರಿ ಜಾಲಿ ಅಂದರೆ ಶತ್ರು. ಕೆರೆ ಅಂಗಳ, ಪಾಳು ಹೊಲ, ಹಳ್ಳದ ದಂಡೆ, ಎಲ್ಲಿ ನೋಡಿದರೂ ಅದೇ. ಇದು ಇಲ್ಲಿನ ಗಿಡವೇ ಅಲ್ಲ. ಮೆಕ್ಸಿಕೊ, ದಕ್ಷಿಣ ಅಮೆರಿಕ ಕಡೆಯದು, 1870ರ ದಶಕದಲ್ಲಿ ಬ್ರಿಟಿಷರ ಕಾಲದಲ್ಲಿ ಇಂಡಿಯಾಕ್ಕೆ ಬಂತು. ಬರಗಾಲದ ಸೀಮೆಯಲ್ಲಿ ಸೌದೆಗೆ ಆಗಲಿ ಅಂತ ಹಾಕಿದರು, ಆಮೇಲೆ ಅದು ಯಾರ ಮಾತೂ ಕೇಳಲಿಲ್ಲ. ಆದರೆ ಒಲೆಗೆ ಹಾಕಿದರೆ ಅದರ ಗುಣವೇ ಬೇರೆ. ಗಟ್ಟಿ ಕಟ್ಟಿಗೆ, ಬಿಸಿ ಜಾಸ್ತಿ, ಕೆಂಡ ತುಂಬಾ ಹೊತ್ತು ನಿಲ್ಲುತ್ತದೆ.

ಅಮೆರಿಕದ ಟೆಕ್ಸಸ್‌ನಲ್ಲಿ ಬಾರ್ಬೆಕ್ಯೂ ಮಾಡುವವರು ಹೆಮ್ಮೆಯಿಂದ ಉರಿಸುವ ಮೆಸ್ಕೀಟ್ ಅನ್ನೋ ಮರ ಇದೆಯಲ್ಲ, ಅದೂ ನಮ್ಮ ಬಳ್ಳಾರಿ ಜಾಲಿಯೂ ಒಂದೇ ಕುಲದ ಗಿಡಗಳು, ದಾಯಾದಿಗಳು. ಇದನ್ನು ತಿಳಿದಾಗ ನನಗೆ ತುಂಬಾ ಖುಷಿಯಾಯಿತು. ಅಲ್ಲಿಯವರು ಪಾಲಿಸುವ ಎಚ್ಚರಿಕೆಯನ್ನೇ ಈ ಹುಡುಗನೂ ಪಾಲಿಸುತ್ತಾನೆ. ಹಸಿ ಕಟ್ಟಿಗೆಯ ಹೊಗೆ ಖಾರ, ಮಾಂಸ ಕಹಿಯಾಗುತ್ತದೆ, ಆದ್ದರಿಂದ ಮೊದಲು ಪೂರ್ತಿ ಉರಿಸಿ ಕೆಂಡ ಮಾಡಿಕೊಳ್ಳಬೇಕು. ದಟ್ಟ ಬಿಳಿ ಹೊಗೆ ಹೊರಡುತ್ತಿದ್ದರೆ ಮುಂದೆ ಹೋಗಿ. ಕಂಡೂ ಕಾಣದ ಹಾಗೆ ತೆಳ್ಳಗೆ ಇದ್ದರೆ ನಿಲ್ಲಿ.

ಟೆಕ್ಸಸ್ ಪದ್ಧತಿ ಬೇರೆ ಅನ್ನೋದೂ ನಿಜ. ಅವರು ದೊಡ್ಡ ತುಂಡನ್ನು ಸುಮಾರು 110 ಡಿಗ್ರಿ ಸೆಲ್ಸಿಯಸ್ ಬಿಸಿ ಹೊಗೆಯಲ್ಲಿ ಹತ್ತು-ಹನ್ನೆರಡು ಗಂಟೆ ಇಡುತ್ತಾರೆ, ಅಷ್ಟು ಹೊತ್ತಿಗೆ ಗಟ್ಟಿ ನರವೆಲ್ಲ ಕರಗಿ ಮೆತ್ತಗಾಗುತ್ತದೆ. ನಮ್ಮಲ್ಲಿ ಸಣ್ಣ ತುಂಡು, ನೇರ ಕೆಂಡ, ಅರ್ಧ ಗಂಟೆಯೊಳಗೆ ಮುಗಿಯಬೇಕು. ಬೆಳಿಗ್ಗೆ ಕಡಿದ ಕುರಿ ಹಾಗೇ ಸುಟ್ಟರೆ ಹಲ್ಲಿಗೆ ಗಟ್ಟಿ. ಅದಕ್ಕೆ ಹಸಿ ಪರಂಗಿಕಾಯಿ ಅರೆದು ಹಚ್ಚುತ್ತಾರೆ, ಮಾಂಸ ಮೆತ್ತಗಾಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಹಿಟ್ಟು ಹಿಟ್ಟಾಗುತ್ತದೆ, ಬಾಯಿಗಿಟ್ಟರೆ ಗೊತ್ತಾಗುತ್ತದೆ. ಇವನು ಪರಂಗಿ ಸ್ವಲ್ಪವೇ ಹಾಕಿ, ಉಪ್ಪು, ಅರಿಶಿನ, ಜಜ್ಜಿದ ಹಸಿಮೆಣಸಿನಕಾಯಿ, ಮೆಣಸು, ಬೆಳ್ಳುಳ್ಳಿ, ನಿಂಬೆರಸ ಅಷ್ಟೇ ಕಲಸಿದ್ದ. ಪಕ್ಕೆಲುಬಿನ ತುಂಡುಗಳು, ಮೂಳೆ ಸಮೇತ, ಅಂಚಿನಲ್ಲಿ ಒಂದು ಗೆರೆ ಕೊಬ್ಬು. ಆ ಕೊಬ್ಬು ಗರಿಗರಿಯಾಗಿ, ಮೂಳೆ ಹತ್ತಿರದ ಮಾಂಸ ಇನ್ನೂ ರಸ ಬಿಡುತ್ತಾ, ಮೇಲೆ ಹೊಗೆ, ಕೊನೆಯಲ್ಲಿ ನಿಂಬೆ. ತಟ್ಟೆಯಲ್ಲಿ ಹಸಿ ಈರುಳ್ಳಿ ಬಿಟ್ಟರೆ ಬೇರೇನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಮ್ಮೆಜಮಾನ್ರು ಮಾತಾಡದೆ ಇನ್ನೊಂದು ಪ್ಲೇಟ್ ಹೇಳಿದರು.

ಶಿರಾ, ಮಧುಗಿರಿ, ಪಾವಗಡ ಸೀಮೆ ಕುರಿಗೆ ಹೆಸರಾದ ಜಾಗ. ಮಾಂಸ ದೂರದಿಂದ ಐಸಿನಲ್ಲಿ ಬರಬೇಕಿಲ್ಲ. ಹೊಗೆಯ ರುಚಿಯೂ ನಮಗೆ ಹೊಸದಲ್ಲ. ನಾಟಿ ಕೋಳಿ ಪುಕ್ಕ ತರಿದು, ಹುಲ್ಲಿನ ಉರಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆಯುವುದನ್ನು ನೋಡಿಕೊಂಡೇ ಬೆಳೆದಿದ್ದೇವೆ. ತಲೆ, ಕಾಲು ಸುಡದೆ ಕಾಲು ಸೂಪು ಆಗುತ್ತದಾ? ಆ ಸುಟ್ಟ ವಾಸನೆ ಸಾರಿನಲ್ಲಿ ಬರದಿದ್ದರೆ ನಮ್ಮ ಅತ್ತೆ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಹಾಗಾಗಿ ಇಂಥ ಜಾಗ ಗುರುತಿಸಲು ನಮಗೆ ಯಾರೂ ಕಲಿಸಬೇಕಿಲ್ಲ, ಮೂಗಿನ ಮಾತು ಕೇಳಿದರೆ ಸಾಕು.

ಬೇಡ ಅನ್ನಬೇಕಾದ ಜಾಗಗಳನ್ನೂ ಹೇಳಿಬಿಡುತ್ತೇನೆ. ಬಟ್ಟಲಿನ ಮಾಂಸ ದಾಸವಾಳದ ಕೆಂಪಿಗಿದ್ದರೆ ನಾನು ಕೂರುವುದಿಲ್ಲ. ಕಬಾಬ್‌ಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧ ಮಾಡಿದೆ, ಆದರೂ ಹಾಕುವವರು ಹಾಕುತ್ತಾರೆ. ಹಸಿ ಮಾಂಸ ಮುಟ್ಟಿದ ಕೈಯಲ್ಲೇ ಈರುಳ್ಳಿ ಹೆಚ್ಚುತ್ತಿದ್ದರೆ ಬೇಡ. ಕೋಳಿಯಾದರೆ ದಪ್ಪ ತುಂಡನ್ನು ಬಿಡಿಸಿ ನೋಡಿ, ಒಳಗೆ ಹಸಿ ಕಂಡರೆ ಮುಲಾಜಿಲ್ಲದೆ ಮತ್ತೆ ಒಲೆಗೆ ಕಳಿಸಿ. ಒಳ್ಳೆ ಕೆಲಸಗಾರ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮೆನು ನಾಲ್ಕು ಪುಟ ಇದ್ದು, ಅದರಲ್ಲಿ ಗೋಬಿ, ನೂಡಲ್ಸ್, ಪನ್ನೀರ್ ಎಲ್ಲ ಇದ್ದರೆ ಬೇರೆ ಏನಾದರೂ ತಿನ್ನಿ, ಕೆಂಡದ ಮಾಂಸ ಮಾತ್ರ ಹೇಳಬೇಡಿ.

ಯಾವಾಗ ಹೋಗಬೇಕು ಅಂತಲೂ ಕೇಳುತ್ತಾರೆ. ಸೋಮವಾರ, ಶನಿವಾರ ನಮ್ಮ ಕಡೆ ತುಂಬಾ ಜನ ಮಾಂಸ ಮುಟ್ಟುವುದಿಲ್ಲ, ಶ್ರಾವಣದಲ್ಲಿ ಇಂಥ ಎಷ್ಟೋ ಅಂಗಡಿಗಳು ಬಾಗಿಲು ತೆಗೆಯುವುದೇ ಇಲ್ಲ. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಹೋದರೆ ನಿಲ್ಲಲೂ ಜಾಗ ಇರುವುದಿಲ್ಲ. ಊರಿನ ಸಂತೆಯ ದಿನ ಒಳ್ಳೆಯದು, ಕುರಿ ವ್ಯಾಪಾರ ಮುಗಿಸಿದವರು ಎಲ್ಲಿ ಕೂತು ತಿನ್ನುತ್ತಾರೆ ನೋಡಿ ಅಲ್ಲೇ ಕೂರಿ, ಕುರಿ ಗೊತ್ತಿರುವವರು ಕೆಟ್ಟ ಮಾಂಸಕ್ಕೆ ದುಡ್ಡು ಕೊಡುವುದಿಲ್ಲ. ಇನ್ನು ನಾನು ಹೇಳಿದ ಅಂಗಡಿಗೆ ಹೋಗುವವರಿದ್ದರೆ ಮಧ್ಯಾಹ್ನ ಹನ್ನೆರಡೂವರೆ ಒಳಗೆ ಹೋಗಿ. ಅವನು ದಿನಕ್ಕೆ ಒಂದೇ ಕುರಿ ತರುತ್ತಾನೆ, ಎರಡು ಗಂಟೆ ಹೊತ್ತಿಗೆ ಉಳಿಯುವುದು ಮುದ್ದೆ, ಕಾಲು ಸೂಪು ಮಾತ್ರ. ಜೇಬಲ್ಲಿ ನೋಟು ಇಟ್ಟುಕೊಂಡಿರಿ, ಅಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಬರುವುದಿಲ್ಲ.