ಹಿಂದ ಕುಂತವ್ರು ಎಲ್ಲದಾರ?

ಮಾಸ್ತರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು, ಆಮೇಲೆ ಕೈ ಚಾಚಿ ದೂರ ಹಿಡಿದರು. ‘ಮಾರಿ ಭಾಳ ಛಲೋ ಬಂದೈತಿ ಯವ್ವಾ’ ಎಂದರು. ನಾನು ಹಿಗ್ಗುವಷ್ಟರಲ್ಲಿ ಹಾಳೆಯ ಎರಡೂ ಬದಿಯ ಖಾಲಿ ಜಾಗದ ಮೇಲೆ ಬೆರಳಾಡಿಸಿ ಕೇಳಿದರು: ‘ಹಿಂದ ಕುಂತವ್ರು ಎಲ್ಲದಾರ?’

ಶನಿವಾರ ಕೇಳಿದ ಮಾತು. ಇವತ್ತು ಗುರುವಾರ. ಬ್ಯಾಂಕಿನಲ್ಲಿ ವೋಚರು ಎಣಿಸುವಾಗಲೂ ಆ ಬೆರಳು ಖಾಲಿ ಜಾಗದ ಮೇಲೆ ಓಡಾಡುವುದೇ ಕಣ್ಣಿಗೆ ಕಟ್ಟುತ್ತಿದೆ.

ಚಿತ್ರ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರದು. ಸೆಪ್ಟೆಂಬರ್ 12 ಅವರ ಪುಣ್ಯತಿಥಿ. ಪ್ರತಿ ವರ್ಷ ಆ ಹೊತ್ತಿಗೆ ಅವರದೊಂದು ಚಿತ್ರ ಬರೆಯುತ್ತೇನೆ. ಅವರು ತೀರಿಕೊಂಡ 1992ರಲ್ಲಿ ನನಗೆ ನಾಲ್ಕು ವರ್ಷ. ಎದುರು ಕೂತು ಕೇಳುವ ಭಾಗ್ಯ ಸಿಗಲಿಲ್ಲ. ಕೇಳಿದ್ದೆಲ್ಲ ಅಪ್ಪನ ಕ್ಯಾಸೆಟ್ಟಿನಲ್ಲಿ, ಈಗ ಫೋನಿನಲ್ಲಿ. ಈ ಸಲ ನಿಬ್ಬಿನ ಪೆನ್ನು, ಕಪ್ಪು ಶಾಯಿ ಹಿಡಿದು ಹದಿನೈದು ರಾತ್ರಿ ಕೂತಿದ್ದೆ. ಕುತ್ತಿಗೆಯ ನರಕ್ಕೆ, ಕೆನ್ನೆಯ ತಗ್ಗಿಗೆ ಅಡ್ಡಗೆರೆಯ ಮೇಲೆ ಅಡ್ಡಗೆರೆ ಎಳೆದು ನೆರಳು ತಂದಿದ್ದೆ. ಸುತ್ತಲೂ ಬಿಳಿ. ಹಾಡುವವರೊಬ್ಬರೇ ಬೆಳಗಬೇಕು ಅಂತ ಬೇಕೆಂದೇ ಬಿಟ್ಟ ಬಿಳಿ ಅದು.

ಅದನ್ನೇ ಮಾಸ್ತರು ಕೇಳಿದ್ದು.

ಅವರು ಸಾಲಿ ಮಾಸ್ತರಾಗಿದ್ದವರು. ಸಂಜೆ ಗಾಯಕರ ಹಿಂದೆ ತಂಬೂರಿ ಹಿಡಿದು ಕೂಡುತ್ತಿದ್ದರು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಒಂದೇ ಓಣಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇವೆ. ‘ನಾ ಏನ್ ಹಾಡಾಂವ ಅಲ್ಲ. ಮಠದಾಗ, ದೊಡ್ಡವ್ರ ಮನ್ಯಾಗ ಬೈಠಕ್ ಆದ್ರ ಕರೀತಿದ್ರು’ ಎನ್ನುತ್ತ ಒಳಗೆ ಹೋಗಿ ಒಂದು ಪೇಪರ್ ಕಟಿಂಗ್ ತಂದರು. ಹಳದಿಯಾಗಿ ಮಡಿಕೆಯಲ್ಲಿ ಹರಿದಿತ್ತು. ನಡುವೆ ಬಾಯಿ ತೆರೆದ ಗಾಯಕರು, ಎಡಕ್ಕೆ ತಬಲಾದವರ ಅರ್ಧ ಮೈ. ಬಲತುದಿಯಲ್ಲಿ ಚಿತ್ರ ಕತ್ತರಿಸಿದ ಕಡೆ ತಂಬೂರಿಯ ದಂಡಿ, ಅದರ ಮೇಲೊಂದು ಕೈ. ಮಣಿಕಟ್ಟಿನವರೆಗೆ ಮಾತ್ರ.

‘ಇದು ನಂದು’ ಎಂದರು.

ಒಳಗಿನಿಂದ ಅವರ ಮನೆಯವರು, ‘ಅದನ್ನ ಎಷ್ಟು ಮಂದಿಗೆ ತೋರಸ್ತೀರಿ, ಇಡ್ರಿ ಅತ್ತಾಗ’ ಅಂದರು. ಅಕ್ಕರೆಯ ಹೆಣ್ಣುಮಗಳು, ಹಬ್ಬಕ್ಕೆ ನಮ್ಮ ಮನೆಗೆ ಹೋಳಿಗೆ ಕಳಿಸದೆ ಉಂಡವರಲ್ಲ. ಆದರೂ ಆ ಮಾತು ನನಗೆ ಸೇರಲಿಲ್ಲ. ಮಾಸ್ತರು ಮರುಮಾತಾಡದೆ ಕಟಿಂಗನ್ನು ಅದರ ಹಳೆಯ ಗೆರೆಗಳ ಮೇಲೆಯೇ ಮಡಚಿ ಜೇಬಿಗಿಟ್ಟುಕೊಂಡರು.

ರಾತ್ರಿ ಮನಸೂರರು ಹಾಡಿದ ಸಂಪೂರ್ಣ ಮಾಲಕಂಸ ರಾಗ ಹಚ್ಚಿದೆ. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಹಾಡಿಲ್ಲ. ಎಲ್ಲರೂ ಹಾಡುವ ಮಾಲಕಂಸದಲ್ಲಿ ರಿಷಭವಿಲ್ಲ, ಪಂಚಮವಿಲ್ಲ, ಐದೇ ಸ್ವರ. ಮನಸೂರರ ಗುರುಪರಂಪರೆಯಾದ ಜೈಪುರ ಘರಾಣೆಯ ಈ ಸಂಪೂರ್ಣ ಮಾಲಕಂಸದಲ್ಲಿ ಏಳೂ ಉಂಟು. ಬಿಟ್ಟ ಸ್ವರಗಳನ್ನು ಒಳಗೆ ಕರೆದುಕೊಂಡೂ ರಾಗದ ಗಾಂಭೀರ್ಯ ಸಡಿಲವಾಗದು. ಮನಸೂರರು ಗಂಟೆಗಟ್ಟಲೆ ಆಲಾಪದಲ್ಲಿ ಕಾಯಿಸುವವರಲ್ಲ. ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ಹಾಡು, ಎತ್ತಿಕೊಂಡರೆಂದರೆ ಮಾತು, ಲಯ, ತಾನ ಒಂದರೊಳಗೊಂದು ಹೆಣೆದುಕೊಂಡೇ ಬರುತ್ತವೆ. ಉಸಿರು ಎಲ್ಲಿ ತೆಗೆದುಕೊಂಡರು ಎಂದು ಹುಡುಕುವಷ್ಟರಲ್ಲಿ ಸಮ್, ತಾಳದ ಮೊದಲ ಪೆಟ್ಟು, ಬಂದಿರುತ್ತದೆ. ತೀರಾ ನಿಧಾನಗತಿಯ ಗಾಯನವೇ ಆಳ ಎನ್ನುವವರ ಜತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಆದರೆ ಅವತ್ತು ಗೊತ್ತಾದದ್ದು ಬೇರೆ. ಹಾಡಿನ ಮೊದಲು ತಂಬೂರಿ ಮಾತ್ರ ನುಡಿಯುವ ಭಾಗವನ್ನು ನಾನು ಯಾವಾಗಲೂ ಬೆರಳಿನಿಂದ ಮುಂದಕ್ಕೆ ಸರಿಸಿಬಿಡುತ್ತೇನೆ. ಎಷ್ಟು ವರ್ಷದಿಂದ! ಶನಿವಾರ ರಾತ್ರಿ ಸರಿಸಲಿಲ್ಲ. ಅವರು ಉಸಿರಿಗೆ ನಿಂತಲ್ಲೆಲ್ಲ ಹಿಂದಿನಿಂದ ಆ ನಾದ ಮುಂದೆ ಬಂದು ಜಾಗ ತುಂಬಿ, ಅವರು ಸ್ವರ ಎತ್ತಿದ ಕೂಡಲೇ ಹಿಂದೆ ಸರಿಯುತ್ತಿತ್ತು. ನಾನು ಬಿಳಿ ಬಿಟ್ಟ ಜಾಗದಲ್ಲಿ ಇಷ್ಟೊಂದು ತುಂಬಿಕೊಂಡಿತ್ತು.

ಮರುದಿನ ‘ನನ್ನ ರಸಯಾತ್ರೆ’ ತೆಗೆದೆ, ಮನಸೂರರ ಆತ್ಮಕಥನ. ಸಂಗೀತಗಾರರ ಬದುಕಿನ ಪುಸ್ತಕಗಳಲ್ಲಿ ಬಹಳಷ್ಟು ನನಗೆ ಹಿಡಿಸುವುದಿಲ್ಲ. ಸನ್ಮಾನ, ಶಾಲು, ಗಣ್ಯರ ಹೆಸರು. ಇದು ಹಾಗಲ್ಲ. ಗುರು ನೀಲಕಂಠಬುವಾ, ಆಮೇಲೆ ಮಂಜಿ ಖಾನರು, ಮಂಜಿ ಖಾನರು 1937ರಲ್ಲಿ ಹೋದ ಮೇಲೆ ಅವರ ತಮ್ಮ ಬುರ್ಜಿ ಖಾನರು. ಗುರುವಿಲ್ಲದೆ ಇರಲಾರದ ಜೀವ ಅದು. ನಮ್ಮಲ್ಲಿ ಗುರು ಹಾಡುವಾಗ ಶಿಷ್ಯ ಹಿಂದೆ ತಂಬೂರಿ ಹಿಡಿದು ಕೂತೇ ಬೆಳೆಯುವುದು. ಮಗ ರಾಜಶೇಖರ ಮನಸೂರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಸಂಗೀತ ಕಚೇರಿಯಲ್ಲಿ ಅಪ್ಪನ ಹಿಂದೆ ಕೂತು ದನಿಗೂಡಿಸಿದವರು. ಇದೆಲ್ಲ ತಿಳಿದಿದ್ದೂ ನಾನು ಒಬ್ಬರನ್ನೇ ಬರೆದೆ.

ಅವ್ವನ ಟ್ರಂಕು ನೆನಪಾಯಿತು. ವಾರಪತ್ರಿಕೆಯ ಧಾರಾವಾಹಿಗಳನ್ನು ವಾರವಾರ ಹರಿದಿಟ್ಟು, ಮುಗಿದ ಮೇಲೆ ದಬ್ಬಣದಿಂದ ಹೊಲಿದು ರಟ್ಟು ಹಾಕುತ್ತಿದ್ದಳು. ನಾನು ಚಿತ್ರ ಬರೆಯಲು ಕಲಿತದ್ದು ಅವುಗಳನ್ನು ನೋಡಿಯೇ. ಬಾಗಿಲಿಗೆ ಒರಗಿ ನಿಂತ ನಾಯಕಿ, ಬಸ್ಸಿನ ಕಿಟಕಿ, ಮೂಲೆಯಲ್ಲಿ ಕಲಾವಿದರ ಸಣ್ಣ ಸಹಿ. ಅವೇ ಕಾದಂಬರಿಗಳು ಪುಸ್ತಕವಾಗಿ ಬಂದಾಗ ಆಸೆಯಿಂದ ಕೊಂಡೆ. ಒಂದರಲ್ಲೂ ಒಳಗಿನ ಚಿತ್ರ ಇರಲಿಲ್ಲ. ಕತೆ ಅಕ್ಷರಕ್ಕೆ ಸೇರಿದ್ದು, ಚಿತ್ರ ಪತ್ರಿಕೆಯ ಪುಟ ತುಂಬಿಸಲು ಅಂದುಕೊಂಡರೋ ಏನೋ. ಪ್ರತಿ ವಾರ ಗಡುವಿನ ಒಳಗೆ ಅಕ್ಷರ ಓದಿ, ಅದಕ್ಕೊಂದು ಮುಖ ಕೊಟ್ಟವರನ್ನು ಹೀಗೆ ಬಿಟ್ಟುಬಿಡುವುದು ನ್ಯಾಯವಲ್ಲ. ಆ ನಾಯಕಿಯ ಮುಖ ನನಗೆ ಇವತ್ತಿಗೂ ಅವರು ಬರೆದ ಮುಖವೇ. ಅಂಥ ಪುಸ್ತಕ ಕೈಗೆ ಬಂದಾಗೆಲ್ಲ ಸಿಟ್ಟಾಗುತ್ತೇನೆ. ಅದೇ ನಾನು, ಹದಿನೈದು ರಾತ್ರಿ ಕೂತು, ತಂಬೂರಿಯವರನ್ನು ಹಾಳೆಯಿಂದ ಬಿಟ್ಟೆ.

ನಿನ್ನೆ ಸಂಜೆ ಹೊಸ ಹಾಳೆ ತಗೊಂಡು ಮಾಸ್ತರ ಮನೆಗೆ ಹೋದೆ. ‘ನೀವು ಕೂಡ್ರಿ, ನಾ ನೋಡಿ ಬರೀತೀನಿ’ ಅಂದೆ. ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಅಟ್ಟದ ಮೇಲಿನ ತಂಬೂರಿ ಇಳಿಸಿದರು. ಗವಸಣಿಗೆ ಬಿಚ್ಚಿದಾಗ ಧೂಳಿನ ಜತೆ ಹಳೆ ಕಟ್ಟಿಗೆಯ ವಾಸನೆ ಬಂತು. ಖರಜದ, ಅಂದರೆ ಕೆಳಗಿನ ಸಾ ನುಡಿಯುವ, ಹಿತ್ತಾಳೆ ತಂತಿ ಹರಿದಿತ್ತು. ಉಳಿದ ಮೂರಕ್ಕೇ ಸುರ ಕೂಡಿಸಿದರು. ತಂತಿಗಳನ್ನು ಹೊತ್ತ ಘೋಡಿಯ ಮೇಲೆ ತಂತಿಯ ಕೆಳಗಿನ ದಾರವನ್ನು ಒಂದು ಕೂದಲೆಳೆಯಷ್ಟು ಅತ್ತ, ಮತ್ತೆ ಇತ್ತ ಸರಿಸಿದರು. ಎಲ್ಲೋ ಒಂದು ಕಡೆ ಬಂದಾಗ ತಂತಿ ಝೇಂಕರಿಸಿತು. ಒಳಗೆ ಪಾತ್ರೆಯ ಸಪ್ಪಳ ನಿಂತಿತು. ಅವರ ಮನೆಯವರು ಬಾಗಿಲಿಗೆ ಬಂದು ಸೆರಗಿನಲ್ಲಿ ಕೈ ಒರಸಿಕೊಳ್ಳುತ್ತ ನಿಂತರು.

ಮೊದಲ ತಂತಿಗೆ ನಡುಬೆರಳು, ಉಳಿದವಕ್ಕೆ ತೋರುಬೆರಳು. ಇಲ್ಲದ ನಾಲ್ಕನೆಯ ತಂತಿಯ ಜಾಗದಲ್ಲೂ ಬೆರಳು ಅಷ್ಟೇ ಹೊತ್ತು ಗಾಳಿಯಲ್ಲಿ ಸರಿದು ಬರುತ್ತಿತ್ತು. ಆ ಕೈ ಬರೆಯಲು ಒಂದೂವರೆ ತಾಸು ಹೆಣಗಿದೆ. ಕಣ್ಣು ಮುಚ್ಚಿದಂತೆ ಗೆರೆ ಎಳೆದಿದ್ದೆ, ತನ್ಮಯತೆ ಬರಲಿ ಅಂತ. ಅವರು ಬಾಗಿ ನೋಡಿ, ‘ಕಣ್ಣು ತೆರಸು ಯವ್ವಾ’ ಎಂದರು. ‘ಹಿಂದ ಕುಂತಾಂವ ಕಣ್ಣ ಮುಚ್ಚಿದ್ರ ಹಾಡವ್ರ ಹೆಗಲು ಯಾರು ನೋಡಬೇಕು? ಉಸಿರು ಎತ್ತೋದು ಹೆಗಲಿಂದ ಗೊತ್ತಾಗತೈತಿ.’

ಕಣ್ಣು ಅಳಿಸಿದ್ದೇನೆ. ಬೆರಳ ಗೆಣ್ಣು ಇನ್ನೂ ಸರಿ ಬಂದಿಲ್ಲ. ನಾಳೆ ಬ್ಯಾಂಕು ಬಿಟ್ಟವಳೇ ಹುಬ್ಬಳ್ಳಿಗೆ ಹೋಗಿ ಹಿತ್ತಾಳೆ ತಂತಿ ತರಬೇಕು. ಎರಡು ತಾ, ಒಂದು ಹರಿದ್ರ ಇನ್ನೊಂದು ಇರಲಿ ಅಂದಿದ್ದಾರೆ.