ಟೊಮೆಟೊ ಪ್ಯೂರಿಗೆ ಗಿರಾಕಿ ಯಾರು?

ಕೋಲಾರದಲ್ಲಿ ಟೊಮೆಟೊ ಪ್ಯೂರಿಯ, ಎಂದರೆ ಅರೆದು ಸೋಸಿದ ತಿರುಳಿನ, ಸಣ್ಣ ಘಟಕ ಹಾಕಬೇಕೆಂದಿರುವ ನನ್ನ ಸೋದರಮಾವನ ಮಗ, ಯಂತ್ರದ ಬೆಲೆ ವಿಚಾರಿಸುವ ಮೊದಲು ಮಾರುಕಟ್ಟೆಯ ಅಧ್ಯಯನ ಮಾಡುವುದು ಹೇಗೆಂದು ಕೇಳಿದ್ದಾನೆ. ಅವನಿಗೆ ಹೇಳಿದ್ದನ್ನೇ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಬೇರೆಯವರು ತಮ್ಮ ಉದ್ದೇಶಕ್ಕಾಗಿ ಈಗಾಗಲೇ ಕಲೆಹಾಕಿರುವ ದ್ವಿತೀಯಕ ಮಾಹಿತಿಯಿಂದ ತೊಡಗುವುದು ಸರಿ, ಏಕೆಂದರೆ ಅದಕ್ಕೆ ಖರ್ಚು ಕಡಿಮೆ. ಮಾರುಕಟ್ಟೆಗಳ ಆವಕ ಮತ್ತು ಕನಿಷ್ಠ, ಗರಿಷ್ಠ, ಮಾದರಿ (ಆ ದಿನ ಹೆಚ್ಚಿನ ಮಾಲು ಮಾರಾಟವಾದ) ಬೆಲೆಗಳು ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಸಿಗುತ್ತವೆ. ಅಲ್ಲಿನ ಲೆಕ್ಕ ಕ್ವಿಂಟಾಲಿನದು, ನಮ್ಮ ಎಪಿಎಂಸಿಯ ಹರಾಜು 15 ಕೆ.ಜಿ. ಬಾಕ್ಸಿನದು; ಅಷ್ಟನ್ನು ಹೊಂದಿಸಿಕೊಂಡರೆ, ಕಚ್ಚಾ ಮಾಲಿನ ಬೆಲೆ ಯಾವ ತಿಂಗಳಲ್ಲಿ ಎಷ್ಟು ಏರಿಳಿಯುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಯಾವ ಸಂದರ್ಶನದಲ್ಲೂ ದೊರೆಯದು. ರೈತರನ್ನು ಕೇಳಿದರೆ ಹಣ್ಣನ್ನು ರಸ್ತೆಗೆ ಸುರಿದ ದಿನ, ಇಲ್ಲವೇ 2023ರ ಜುಲೈನಲ್ಲಿ ಬಾಕ್ಸ್ ಎರಡು ಸಾವಿರ ರೂಪಾಯಿ ಮುಟ್ಟಿದ ದಿನ, ಇವೆರಡೇ ಮೊದಲು ನೆನಪಿಗೆ ಬರುತ್ತವೆ.

ಬೇಡಿಕೆಯ ವಿಷಯದಲ್ಲಿ ಮಾತ್ರ ಈ ದಾರಿ ಬೇಗ ಮುಗಿಯುತ್ತದೆ. 2022-23ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಪಾನೀಯ ಮತ್ತು ಸಂಸ್ಕರಿತ ಆಹಾರದ ಪಾಲು ಗ್ರಾಮೀಣ ಭಾರತದ ತಲಾ ವೆಚ್ಚದಲ್ಲಿ ಶೇ 9.62, ನಗರಗಳಲ್ಲಿ ಶೇ 10.64. ಪ್ಯೂರಿಯ ಪಾಲನ್ನು ಅದರಲ್ಲಿ ಹುಡುಕುವುದು ವ್ಯರ್ಥ. 2011ರ ಜನಗಣತಿಯ ಅಂಕಿಗಳಂತೂ ತೀರ ಹಳೆಯವು.

ಹೀಗಾಗಿ ಬಂಗಾರಪೇಟೆ, ಮುಳಬಾಗಿಲಿನ ಹೋಟೆಲಿನವರನ್ನೂ ಮದುವೆ ಅಡುಗೆಯ ಕಂಟ್ರಾಕ್ಟರುಗಳನ್ನೂ ಖುದ್ದಾಗಿ ಕಾಣಲೇಬೇಕು. ಅದೂ ಬೆಳಗಿನ ತಿಂಡಿಯ ಗದ್ದಲ ಮುಗಿದ ಮೇಲೆ. "ಪ್ಯೂರಿ ಕೊಟ್ಟರೆ ಕೊಳ್ಳುವಿರಾ?" ಎಂದು ಕೇಳಿದರೆ ಮುಖದಾಕ್ಷಿಣ್ಯಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ, ನೆಂಟರಂತೂ ಎರಡು ಸಲ ಎನ್ನುತ್ತಾರೆ. ಅದರ ಬದಲು, ಬೆಲೆ ಗಗನಕ್ಕೇರಿದ ಆ ಜುಲೈನಲ್ಲಿ ಏನು ಮಾಡಿದಿರಿ, ಟೊಮೆಟೊ ಕಡಿಮೆ ಮಾಡಿದಿರೋ, ಹುಣಸೆಹಣ್ಣು ಹೆಚ್ಚಿಸಿದಿರೋ, ಪ್ಯೂರಿಯ ಪ್ಯಾಕೆಟ್ ತಂದಿರೋ ಎಂದು ಕೇಳಬೇಕು. ಪ್ಯಾಕೆಟ್ ತಂದವರು ಇದ್ದರೆ ಅವರ ಬಿಲ್ಲಿನ ದರ ನೋಡಬೇಕು. ಹಸಿ ಹಣ್ಣು ಅಗ್ಗವಿರುವಾಗ ಕೋಲಾರದಲ್ಲಿ ಪ್ಯೂರಿಯನ್ನು ಕೊಳ್ಳುವವರು ವಿರಳವೆಂಬುದು ನನ್ನ ಅನುಮಾನ. ಅದು ನಿಜವಾದರೆ ಅಗ್ಗದ ತಿಂಗಳಲ್ಲಿ ಮಾಡಿದ ಮಾಲನ್ನು ತುಟ್ಟಿಯ ಕಾಲದವರೆಗೆ ಕೆಡದಂತೆ ಕಾಪಿಡುವ ವೆಚ್ಚವೂ ಅವನ ಲೆಕ್ಕಕ್ಕೆ ಸೇರುತ್ತದೆ.