ಒಂದೇ ಒಂದು ಗಂಡು ಹುಳು

ಆವತ್ತು ಬೆಳಗ್ಗೆ ಲ್ಯಾಬಿಗೆ ಹೋದವಳೇ ಬ್ಯಾಗನ್ನೂ ಇಳಿಸದೆ ಫನಲ್‌ಗಳ ಮುಂದೆ ನಿಂತೆ. ಸತ್ತು ಒಣಗುತ್ತಿದ್ದ ಪೈನ್ ಮರದ ಕಾಂಡದಿಂದ ಕೆತ್ತಿ ತಂದ ಚಕ್ಕೆಗಳನ್ನು ಹಿಂದಿನ ದಿನವೇ ಟಿಶ್ಯೂ ಪೇಪರಿನಲ್ಲಿ ಸುತ್ತಿ ನೀರಲ್ಲಿ ಅದ್ದಿಟ್ಟಿದ್ದೆ. ಬೇರ್ಮನ್ ಫನಲ್ ಬಹಳ ಸರಳ ಉಪಾಯ. ಮರದೊಳಗಿನ ನೆಮಟೋಡ್, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ದಾರದಂಥ ಹುಳು, ನೀರಿಗೆ ಬರುತ್ತದೆ, ಮೇಲಕ್ಕೆ ಈಜಲಾರದೆ ಮುಳುಗಿ ರಬ್ಬರ್ ಟ್ಯೂಬಿನ ತಳದಲ್ಲಿ ಕೂತಿರುತ್ತದೆ. ಕ್ಲಿಪ್ ಸಡಿಲಿಸಿದರೆ ಮೊದಲ ನಾಲ್ಕು ಹನಿಯಲ್ಲೇ ಸಿಗುತ್ತದೆ.

ಸಿಕ್ಕವು, ಆದರೆ ಹೆಚ್ಚಲ್ಲ. ಮೈಕ್ರೋಸ್ಕೋಪಿನಡಿ ಒಂದು ಮಿಲಿಮೀಟರ್ ಕೂಡ ಉದ್ದವಿಲ್ಲದ ಹುಳುಗಳು ಬಳುಕುತ್ತಿದ್ದವು. ಅನ್ನನಾಳದ ಮಧ್ಯದ ಗುಂಡನೆಯ ದೊಡ್ಡ ಬಲ್ಬ್, ಬಾಯಲ್ಲಿ ಸಣ್ಣ ಸೂಜಿ. ಬರ್ಸಾಫೆಲೆಂಕಸ್ ಕುಲ ಇರಬಹುದು ಅಂತ ಅನುಮಾನಪಡೋಕೆ ಅಷ್ಟು ಸಾಕಾಗಿತ್ತು. ಎದೆ ಧಸಕ್ಕೆಂದಿತು. ಪೈನ್ ಮರಗಳನ್ನು ಸಾಲುಸಾಲಾಗಿ ಬಾಡಿಸಿ ಕೊಲ್ಲುವ ಬರ್ಸಾಫೆಲೆಂಕಸ್ ಕ್ಸೈಲೋಫಿಲಸ್ ಇದೇ ಕುಲದ್ದು. ಆದರೆ ಈ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಬೂಷ್ಟು ತಿಂದುಕೊಂಡು ದುಂಬಿಗಳ ಮೈಮೇಲೆ ಸವಾರಿ ಮಾಡುವ ಸಾಧುಗಳು.

ಹೆಣ್ಣಿನ ಬಾಲದ ತುದಿಯಲ್ಲಿ ಪುಟ್ಟ ಮೊಳೆಯಂಥದ್ದು ಇತ್ತು. ಕ್ಸೈಲೋಫಿಲಸ್‌ಗೆ ಸಾಮಾನ್ಯವಾಗಿ ಬಾಲ ದುಂಡಗೆ, ಅದರ ದಾಯಾದಿ ಮ್ಯೂಕ್ರೊನೇಟಸ್‌ಗೆ ಮೊಳೆ. ಅಷ್ಟೇ ನೆಚ್ಚಿಕೊಂಡರೆ ಮೋಸಹೋಗುತ್ತೀರಿ, ಏಕೆಂದರೆ ಉತ್ತರ ಅಮೆರಿಕದ ಕೆಲವು ಕ್ಸೈಲೋಫಿಲಸ್‌ಗೂ ಮೊಳೆ ಇರುತ್ತದೆ. ಮೈಕ್ರೋಸ್ಕೋಪಿನ ಮಸೂರಕ್ಕೆ ಆಯಿಲ್ ಹಾಕಿ ಹುಳುವಿನ ಪಕ್ಕೆಯ ಗೆರೆ ಎಣಿಸಿದೆ. ಕ್ಸೈಲೋಫಿಲಸ್ ಗುಂಪಿಗೆ ನಾಲ್ಕು ಇರಬೇಕು. ನನಗೆ ಕಂಡದ್ದು ಮೂರು. ಫೋಕಸ್ ತಿರುಗಿಸಿ, ಕಣ್ಣುಜ್ಜಿ ಮತ್ತೆ ಎಣಿಸಿದೆ. ಮೂರೇ.

ಇನ್ನು ಬೇಕಿದ್ದದ್ದು ಗಂಡಿನ ಸ್ಪಿಕ್ಯೂಲ್, ಅಂದರೆ ಕೂಡುವಾಗ ಬಳಸುವ ಬಾಗಿದ ಕೊಕ್ಕೆ. ಈ ಕುಲದಲ್ಲಿ ಅದೇ ಆಧಾರ್ ಕಾರ್ಡ್ ಇದ್ದ ಹಾಗೆ. ಗಂಡು ಇದ್ದದ್ದು ಒಂದೇ. ರೆಪ್ಪೆಗೂದಲು ಅಂಟಿಸಿದ ಕಡ್ಡಿಯಿಂದ ಎತ್ತಿ ಸ್ಲೈಡಿಗಿಟ್ಟೆ, ಮೇಲೆ ಕವರ್ ಸ್ಲಿಪ್ ಬಿಟ್ಟೆ. ಸುತ್ತ ಮೇಣ ಹಚ್ಚುವುದನ್ನು ಮರೆತಿದ್ದೆ. ಗಾಜಿನ ಭಾರಕ್ಕೆ ಹುಳು ಅಪ್ಪಚ್ಚಿಯಾಗಿ, ಕೊಕ್ಕೆ ಮುರಿದು ಓರೆಯಾಗಿ ಕೂತಿತು. ಅಳು ಬಂತು ಅಂತ ಹೇಳಿಕೊಳ್ಳಲು ನಾಚಿಕೆಯಿಲ್ಲ.

"ಹೊಸ ಪ್ರಭೇದ ಇರಬಹುದು ಮೇಡಮ್" ಎಂದೆ, ಆದರೂ.

ಅವರು ನಕ್ಕರು. "ಜಪಾನಿನವರೂ 1972ರಲ್ಲಿ ಹಾಗೇ ಅಂದಿದ್ದರು ಕಣೇ."

ಆ ಕಥೆ ನನಗೆ ಗೊತ್ತಿತ್ತು. ತಮ್ಮ ಪೈನ್ ಕಾಡುಗಳನ್ನು ಸಾಯಿಸುತ್ತಿದ್ದ ಹುಳುವಿಗೆ ಮಾಮಿಯಾ ಮತ್ತು ಕಿಯೊಹಾರ 'ಲಿಗ್ನಿಕೋಲಸ್' ಎಂದು ಹೊಸ ಹೆಸರಿಟ್ಟರು. ಅದು 1934ರಲ್ಲೇ ಸ್ಟೈನರ್ ಮತ್ತು ಬ್ಯೂರರ್ ಅಮೆರಿಕದಲ್ಲಿ ಹೆಸರಿಸಿದ್ದ ಕ್ಸೈಲೋಫಿಲಸ್ಸೇ ಎಂದು 1981ರಲ್ಲಿ ಹೊರಬಿತ್ತು. ಮೊದಲ ವಿವರಣೆ ಬರೆದಾಗ ಅದು ಬೇರೆ ಕುಲದ ಹೆಸರಲ್ಲಿತ್ತು. ಇದು ಅವರ ದಡ್ಡತನವಲ್ಲ. ಇನ್ನೊಂದು ಖಂಡದ ಮರದ ದಿಮ್ಮಿಯಲ್ಲಿ ಸಿಕ್ಕ ಹುಳುವೇ ತಮ್ಮ ಕಾಡಿನ ಕೊಲೆಗಾರ ಎಂದು ಯಾರಿಗೆ ತಾನೆ ಹೊಳೆದೀತು? ನನಗಂತೂ ಆವತ್ತಿನಿಂದ 'ಹೊಸ' ಎಂಬ ಪದ ಬಾಯಿಗೆ ಬಂದರೆ ನುಂಗಿಕೊಳ್ಳುವಂತಾಯಿತು.

ಉಳಿದ ಜೀವಂತ ಹೆಣ್ಣುಗಳನ್ನು ಬಾಟ್ರೈಟಿಸ್ ಬೂಷ್ಟು ಬೆಳೆದ ಪ್ಲೇಟಿಗೆ ಬಿಟ್ಟು 25 ಡಿಗ್ರಿಯಲ್ಲಿಟ್ಟೆ. ಒಂದಾದರೂ ಮೊದಲೇ ಗಂಡಿನೊಡನೆ ಕೂಡಿದ್ದರೆ ಸಾಕು ಎಂಬ ಆಸೆ. ದಿನಾ ಮುಚ್ಚಳದ ಮೇಲಿಂದಲೇ ಇಣುಕುತ್ತಿದ್ದೆ. ಒಂಬತ್ತನೆಯ ದಿನ ಬೂದುಬಣ್ಣದ ಬೂಷ್ಟು ನಡುವೆ ಬೋಳಾಗಿತ್ತು, ಯಾರೋ ಮೇಯಿಸಿದ ಹುಲ್ಲುಗಾವಲಿನ ಹಾಗೆ. ಮುಚ್ಚಳದ ಒಳಮೈಯ ತೇವದಲ್ಲಿ ಹುಳುಗಳು ಗಿಜಿಗುಡುತ್ತಿದ್ದವು.

ಇಪ್ಪತ್ತು ಗಂಡು ಆರಿಸಿದೆ. ಈ ಸಲ ಮೇಣ ಮೊದಲು. ಕೊಕ್ಕೆಗಳು ನಿಚ್ಚಳವಾಗಿ ಕಂಡವು. ತುದಿಯಲ್ಲಿ ಕ್ಸೈಲೋಫಿಲಸ್‌ಗಿರುವ ತಟ್ಟೆಯಂಥ ಅಗಲ ಇರಲಿಲ್ಲ. ಒಂದಷ್ಟನ್ನು ಡಿಎನ್‌ಎ ತೆಗೆಯಲು ಬೇರೆ ಇಟ್ಟು, ಟ್ಯೂಬಿನ ಮೇಲೆ ಪೆನ್ಸಿಲಿನಲ್ಲಿ ಬರೆದೆ: 'ಬರ್ಸಾಫೆಲೆಂಕಸ್ ಎಸ್‌ಪಿ.' ಕುಲ ಗೊತ್ತು, ಪ್ರಭೇದ ಗೊತ್ತಿಲ್ಲ ಎಂದರ್ಥ. ಮೇಡಮ್ ನೋಡಿ, ಏನೂ ಅನ್ನದೆ ಪೆನ್ಸಿಲ್ ಇಸಿದುಕೊಂಡು ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಟ್ಯೂಬನ್ನು ಫ್ರೀಜರಿನಲ್ಲಿಟ್ಟರು.